ಅತ್ತೆಯ ವಿಮಾನಕ್ಕೆ ನನ್ನ ಮೂರು ಕಾರ್ಡು

ಮೂರು ಕೊಟೇಷನ್ ತರಿಸಿ, ಹೋಲಿಕೆ ಪಟ್ಟಿ ಮಾಡಿ, ಅತಿ ಕಡಿಮೆ ದರಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕದೆ ನಾನು ಈ ಜನ್ಮದಲ್ಲಿ ಒಂದು ಬೋಲ್ಟನ್ನೂ ಕೊಂಡವನಲ್ಲ. ಟಿ. ದಾಸರಹಳ್ಳಿಯ ಕಾರ್ಖಾನೆಯೊಂದರ ಪರ್ಚೇಸ್ ವಿಭಾಗದಲ್ಲಿ ಕೂತೇ ನನ್ನ ತಲೆ ನರೆತಿದೆ. ಆ ಶಿಸ್ತು ಗಂಗಾನಗರದ ನಮ್ಮ ಮನೆಗೂ ನನ್ನ ಜೊತೆಯಲ್ಲೇ ಬಂದಿದೆ. ಮಿಕ್ಸಿ ಕೊಳ್ಳಬೇಕಾದರೂ ಮೂರು ಅಂಗಡಿಯ ದರ ಬರಲೇಬೇಕು. ಮದುವೆಯೊಂದನ್ನು ಮಾತ್ರ ಒಂದೇ ಕೊಟೇಷನ್ನಿನಲ್ಲಿ ಮುಗಿಸಿದೆ ಎಂದು ಒಮ್ಮೆ ತಮಾಷೆಗೆ ಅಂದಿದ್ದೆ.

"ನಂಗೂ ಒಂದೇ ಬಂದಿದ್ದು. ಇನ್ನೆರಡು ಬಂದಿದ್ರೆ ನಾನೂ ನೋಡ್ತಿದ್ದೆ" ಎಂದಳು ನನ್ನ ಹೆಂಡತಿ ಮಂಜುಳಾ. ಆಮೇಲೆ ನಾನು ಆ ತಮಾಷೆ ಮಾಡಿಲ್ಲ.

ಇಂಥವನ ಕೈಗೆ ಅತ್ತೆಯ ಆಸೆಯೊಂದು ಸಿಕ್ಕಿಬಿಟ್ಟಿತು. ಪಾಪ, ಅವರಿಗೂ ಬೇರೆ ಅಳಿಯ ಇರಲಿಲ್ಲ.

ಅತ್ತೆ ಅಕ್ಕಯ್ಯಮ್ಮನವರದು ಹುಣಸಮಾರನಹಳ್ಳಿ. ವಿಮಾನ ನಿಲ್ದಾಣ ಬರುವುದಕ್ಕೆ ಎಷ್ಟೋ ಮೊದಲಿನಿಂದ ಅಲ್ಲೇ ಇರುವ ಮನೆ. ಈಗ ಅದರ ತಾರಸಿಯ ಮೇಲೆ ದಿನವಿಡೀ ವಿಮಾನ ಹಾರುತ್ತದೆ. ಅದು ದಾಟುವ ತನಕ ಮಾತು ನಿಲ್ಲಿಸಿ, ದಾಟಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುವುದು ಆ ಮನೆಯವರಿಗೆಲ್ಲ ಅಭ್ಯಾಸ. ಒಂದು ಭಾನುವಾರ ಅತ್ತೆ ಅವರೆಕಾಯಿ ಸುಲಿಯುತ್ತಾ ಮೇಲೆ ನೋಡಿದರು.

"ಅದ್ರೊಳಗ್ ಕುಂತೋರೆಲ್ಲಾ ದಿನಾ ನಮ್ಮನೆ ನೋಡ್ಕಂಡ್ ಓಯ್ತಾರೆ. ನಾನ್ ಒಬ್ಳೇ ನೋಡಿಲ್ಲ. ಮ್ಯಾಲಿಂದ ಎಂಗ್ ಕಾಣ್ತದೋ ಒಂದ್ ಕಿತ ನೋಡ್ಬೇಕು ಅಳಿಯಂದ್ರೇ."

"ಅಷ್ಟೇ ತಾನೇ ಅತ್ತೆ? ನಾನ್ ಕರ್ಕೊಂಡ್ ಹೋಗ್ತೀನಿ. ಮಂಗಳೂರಿಗೆ ಹಾರೋಣ, ಅಲ್ಲಿಂದ ಧರ್ಮಸ್ಥಳ. ಅದೂ ಬಿಟ್ಟಿ!" ಎಂದೆ.

ಈ 'ಬಿಟ್ಟಿ'ಯನ್ನು ನನ್ನ ತಲೆಗೆ ಹಾಕಿದವನು ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಬಸವರಾಜ. ಧಾರವಾಡದ ಕಡೆಯ ಹುಡುಗ, ಸರಳ ಮನುಷ್ಯ. ಕ್ರೆಡಿಟ್ ಕಾರ್ಡಿನ ಪಾಯಿಂಟಿನಲ್ಲಿ ವಿಮಾನದ ಟಿಕೆಟ್ ಬರುತ್ತದೆ ಎಂದು ಅದೇ ವಾರ ಹೇಳಿದ್ದ.

"ಏನಿಲ್ರೀ ಸರ್, ಎಲ್ಲಾ ಖರ್ಚಿಗೂ ಒಂದ ಕಾರ್ಡ್ ಉಜ್ಜೂದು. ಪಾಯಿಂಟ್ ಕೂಡ್ತಾವ. ಟಿಕೆಟ್ ತಗೊಳ್ಳೂದು. ಭಾಳ ತಲಿ ಕೆಡಿಸ್ಕೋಬ್ಯಾಡ್ರಿ."

ಒಂದೇ ಕಾರ್ಡು! ಎಲ್ಲ ಖರ್ಚಿಗೂ! ನನ್ನೊಳಗಿನ ಪರ್ಚೇಸ್ ವಿಭಾಗಕ್ಕೆ ತಡೆಯಲಾರದ ಅವಮಾನವಾಯಿತು. ಅವನ ಕಾರ್ಡು ಏನು ಕೊಂಡರೂ ಒಂದೇ ದರದಲ್ಲಿ ಪಾಯಿಂಟು ಕೊಡುವ ಸಾದಾ ಕಾರ್ಡು. ಆದರೆ ಪ್ರಪಂಚದಲ್ಲಿ ದಿನಸಿಗೆ ಐದು ಪಟ್ಟು ಪಾಯಿಂಟು ಕೊಡುವ ಕಾರ್ಡಿತ್ತು. ಹೋಟೆಲ್ ಊಟಕ್ಕೆ ಹೆಚ್ಚು ಕೊಡುವ ಕಾರ್ಡಿತ್ತು. ಪೆಟ್ರೋಲಿಗೇ ಹುಟ್ಟಿದ ಕಾರ್ಡಿತ್ತು. ಇವನ್ನೆಲ್ಲ ಕೂಲಂಕಷವಾಗಿ ಪರಿಶೀಲಿಸದೆ ತೀರ್ಮಾನಕ್ಕೆ ಬರುವುದು ಹೇಗೆ? ಯುಗಾದಿಗೆ ಆರಂಭವಾದ ನನ್ನ ಹೋಲಿಕೆ ಗೌರಿ ಹಬ್ಬಕ್ಕೆ ಮುಗಿಯಿತು. ಅಷ್ಟು ದಿನ ಮನೆಯ ಖರ್ಚೆಲ್ಲ ನಗದಿನಲ್ಲೇ ನಡೆದು ಒಂದು ಪಾಯಿಂಟೂ ಹುಟ್ಟಲಿಲ್ಲ. ಬಸವರಾಜ ಅಷ್ಟರಲ್ಲಿ ತನ್ನ ತಾಯಿಯನ್ನು ವಿಮಾನದಲ್ಲಿ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಬಂದು, ನನಗೆ ಪೇಡೆ ಕೊಟ್ಟ. ಆತುರಗಾರ ಎಂದುಕೊಂಡು ತಿಂದೆ.

ಕಡೆಗೆ ಮೂರು ಕಾರ್ಡು ಬಂದವು. ಮಂಜುಳಾಗೆ ಗೊಂದಲವಾಗದಿರಲೆಂದು ಪ್ರತಿಯೊಂದಕ್ಕೂ ಚೀಟಿ ಅಂಟಿಸಿದೆ: ದಿನಸಿ, ಊಟ, ಪೆಟ್ರೋಲು. ಮರುದಿನವೇ ಆಫೀಸಿಗೆ ಅವಳ ಫೋನು ಬಂತು.

"ರೀ, ಕೊತ್ತಂಬರಿ ಸೊಪ್ಪಿಗೆ ಯಾವ್ ಕಾರ್ಡು?"

"ಎಲ್ಲಿದ್ದೀಯ?"

"ಮನೆ ಮುಂದೆ. ತಳ್ಳೋ ಗಾಡಿ ಬಂದಿದೆ."

"ಅಯ್ಯೋ, ಗಾಡೀಲಿ ತಗೋಬೇಡ್ವೇ! ಅಲ್ಲಿ ಪಾಯಿಂಟಿಲ್ಲ. ಸೂಪರ್ ಮಾರ್ಕೆಟ್ಟಿಗೆ ಹೋಗು."

"ಒಂದ್ ಕಟ್ಟು ಕೊತ್ತಂಬರಿಗೆ ಆಟೋ ಮಾಡ್ಕೊಂಡ್ ಹೋಗ್ಲಾ?"

"ಆಟೋಗೂ ಪಾಯಿಂಟಿಲ್ಲ ಕಣೇ. ನಡ್ಕೊಂಡ್ ಹೋಗು."

ಫೋನು ಕಟ್ಟಾಯಿತು. ಆ ದಿನ ಸಾರಿನಲ್ಲಿ ಕೊತ್ತಂಬರಿ ಇರಲಿಲ್ಲ. ಮನೆಯಲ್ಲಿ ಮಾತೂ ಇರಲಿಲ್ಲ.

ದಿನಸಿಯ ಹೊಣೆಯನ್ನು ನಾನೇ ವಹಿಸಿಕೊಂಡೆ. ಐದು ಪಟ್ಟು ಪಾಯಿಂಟು ಬರುವಾಗ ತೊಗರಿಬೇಳೆಯನ್ನು ಕಿಲೋ ಲೆಕ್ಕದಲ್ಲಿ ತರುವುದು ಮೂರ್ಖತನವಲ್ಲವೇ? ಮೂಟೆಯಲ್ಲಿ ತಂದೆ. ತಿಂಗಳಿಗೆ ಇಷ್ಟೇ ಪಾಯಿಂಟು ಎಂಬ ಮಿತಿಯೊಂದು ಸಣ್ಣ ಅಕ್ಷರದಲ್ಲಿ ಅಡಗಿ ಕುಳಿತಿತ್ತು. ಮೂಟೆಯ ಮೊದಲ ಕಾಲುಭಾಗಕ್ಕೆ ಪಾಯಿಂಟು ಬಂತು. ಉಳಿದದ್ದಕ್ಕೆ ಹುಳ ಬಂತು.

ಪೆಟ್ರೋಲಿನ ಕಾರ್ಡು ಒಂದೇ ಕಂಪನಿಯ ಬಂಕಿನಲ್ಲಿ ನಡೆಯುತ್ತಿತ್ತು. ಅದು ಇದ್ದದ್ದು ಏರ್‌ಪೋರ್ಟ್ ರಸ್ತೆಯಲ್ಲಿ, ಅತ್ತೆಯ ಊರು ದಾಟಿ. ಹೆಬ್ಬಾಳದ ಫ್ಲೈಓವರ್ ಮೇಲೆ ಅರ್ಧ ಟ್ಯಾಂಕು ಸುಟ್ಟು, ಪೂರ್ತಿ ಟ್ಯಾಂಕು ತುಂಬಿಸಿ, ಮತ್ತೆ ಅರ್ಧ ಟ್ಯಾಂಕು ಸುಟ್ಟು ಮನೆಗೆ ಬರುತ್ತಿದ್ದೆ. ಒಮ್ಮೆ ಬಸ್ ಸ್ಟಾಪಿನಲ್ಲಿದ್ದ ಅತ್ತೆ ನನ್ನನ್ನು ಕಂಡು ಕೈಯೆತ್ತಿದರು.

"ಏನ್ ಅಳಿಯಂದ್ರೇ, ಮನೇಗ್ ಬರ್ದೆ ಇಂಗೇ ಓಯ್ತಾ ಇದೀರಾ?"

"ಪೆಟ್ರೋಲ್ ಹಾಕ್ಸೋಕ್ ಬಂದಿದ್ದೆ ಅತ್ತೆ. ನಿಮ್ಮ ವಿಮಾನಕ್ಕೇ ಇದು!"

ನನ್ನ ಹಳೆಯ ಸ್ಕೂಟರನ್ನು ಅವರು ಮೇಲಿಂದ ಕೆಳಗೆ ನೋಡಿದರು.

ಇನ್ನು ಊಟದ ಕಾರ್ಡು. ಮಂಜುಳಾಳ ಕೋಪ ಇಳಿಸಲು ಆರ್.ಟಿ. ನಗರದ ಒಂದು ದರ್ಶಿನಿಗೆ ಪ್ರತಿ ಭಾನುವಾರ ಕರೆದುಕೊಂಡು ಹೋದೆ. ಇಡ್ಲಿ ವಡೆಗೆಲ್ಲ ಕಾರ್ಡು ಉಜ್ಜಿದೆ. ತಿಂಗಳ ಕೊನೆಗೆ ನೋಡಿದರೆ ಊಟದ ಹೆಚ್ಚಿನ ಪಾಯಿಂಟು ಸೊನ್ನೆ! ವಿಚಾರಿಸಿದಾಗ ತಿಳಿಯಿತು: ಹೋಟೆಲಿನ ಮಾಲೀಕ ಮೊದಲು ಅದೇ ಜಾಗದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದನಂತೆ. ಕಾರ್ಡು ಉಜ್ಜುವ ಯಂತ್ರ ಇನ್ನೂ ಆ ಹೆಸರಿನಲ್ಲೇ ಇತ್ತು. ಬ್ಯಾಂಕಿನ ದೃಷ್ಟಿಯಲ್ಲಿ ನಾವು ಗಂಡ ಹೆಂಡತಿ ಭಾನುವಾರ ಭಾನುವಾರ ಮೊಳೆ ಮತ್ತು ತಿರುಪು ಕೊಂಡಿದ್ದೆವು. ಇಡ್ಲಿ ಸ್ವಲ್ಪ ಗಟ್ಟಿಯಾಗಿಯೇ ಇದ್ದದ್ದರಿಂದ ಬ್ಯಾಂಕಿನದು ಪೂರ್ತಿ ತಪ್ಪು ಎನ್ನಲೂ ಆಗಲಿಲ್ಲ.

ಇಷ್ಟರ ತನಕ ನಗಬಹುದು. ನಾನೂ ನಗುತ್ತಿದ್ದೆ.

ಮುಂದಿನ ಬೇಸಿಗೆಯಲ್ಲಿ ಅತ್ತೆ ಒಂದು ದಿನ ಕಾಫಿ ಲೋಟವನ್ನು ಮೇಜಿನ ಪಕ್ಕದ ಗಾಳಿಯಲ್ಲಿ ಇಟ್ಟರು. ಲೋಟ ಬಿತ್ತು. ಮಂಜುಳಾ ಅವರನ್ನು ಯಲಹಂಕದ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಒಣಗುತ್ತಿದೆ, ಹೋದ ದೃಷ್ಟಿ ಹಿಂದಕ್ಕೆ ಬರುವುದಿಲ್ಲ, ಉಳಿದಿರುವುದೂ ಎಷ್ಟು ದಿನ ನಿಲ್ಲುತ್ತದೋ ಹೇಳಲಾಗದು ಎಂದರಂತೆ ಡಾಕ್ಟರು. ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಹೇಳಿದಳು.

"ರೀ, ಪಾಯಿಂಟು ಗೀಯಿಂಟು ಬೇಡ. ಈ ವಾರಾನೇ ದುಡ್ಡು ಕೊಟ್ಟು ಟಿಕೆಟ್ ತಗೊಳ್ಳಿ. ಅಮ್ಮಂಗೆ ಇನ್ನೂ ಸ್ವಲ್ಪ ಕಾಣ್ತಿದೆ."

ದುಡ್ಡು ಇರಲಿಲ್ಲವೇ? ಇತ್ತು. ಬೇಳೆಯ ಮೂಟೆಗೆ ಹಾಕಿದಷ್ಟಿದ್ದರೂ ಸಾಕಿತ್ತು. ಆದರೆ ನನ್ನ ಬಾಯಿಂದ ಬಂದ ಮಾತೇ ಬೇರೆ.

"ಸ್ವಲ್ಪ ತಡಿ ಮಂಜು. ದಸರಾಗೆ ಆಫರ್ ಬರುತ್ತೆ. ಡಬಲ್ ಪಾಯಿಂಟು. ಇಷ್ಟು ದಿನ ಕಾದಿದ್ದೀವಿ..."

"ಕಣ್ಣಿಗೆ ಆಫರ್ ಬರಲ್ಲ ಕಣ್ರೀ" ಎಂದಳು. ಜಗಳವಾಡುವ ದನಿಯಾಗಿದ್ದರೆ ನಾನು ಸೋಲುತ್ತಿದ್ದೆನೇನೋ. ಅವಳು ಮೆಲ್ಲಗೆ ಹೇಳಿದಳು. ಹಾಗಾಗಿ ಗೆದ್ದೆ.

ಇನ್ನೊಂದು ಸಂಗತಿ ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ. ದಿನಸಿ ಕಾರ್ಡಿನಲ್ಲಿ ಔಷಧದ ಅಂಗಡಿಗೂ ಹೆಚ್ಚಿನ ಪಾಯಿಂಟಿತ್ತು. ಅತ್ತೆಯ ಕಣ್ಣಿಗೆ ಬಿಡುವ ಹನಿಗಳು ದುಬಾರಿ. ಪ್ರತಿ ಸೀಸೆಗೂ ಪಾಯಿಂಟು ಏರುವುದನ್ನು ಮೊಬೈಲಿನಲ್ಲಿ ನೋಡಿ ನಾನು ಹಿಗ್ಗಿದೆ. ಔಷಧದ ಅಂಗಡಿಯಲ್ಲಿ ನಿಂತು ಹಿಗ್ಗಿದ ಮನುಷ್ಯ ನಾನು!

ದಸರಾ ಬಂತು, ಆಫರೂ ಬಂತು. ಮಂಗಳೂರಿಗೆ ಟಿಕೆಟ್ ತೆಗೆಯಲು ಮೂರು ಕಾರ್ಡುಗಳನ್ನು ಹರಡಿಕೊಂಡು ಕೂತೆ. ಪೆಟ್ರೋಲ್ ಕಾರ್ಡಿನ ಪಾಯಿಂಟಿಗೆ ಪೆಟ್ರೋಲು ಮಾತ್ರ ಸಿಗುತ್ತಿತ್ತು. ಊಟದ ಕಾರ್ಡಿನ ಪಾಯಿಂಟುಗಳು ಅವಧಿ ಮುಗಿದು ಹೋಗಿದ್ದವು. ಒಂದು ಕಾರ್ಡಿನದನ್ನು ಇನ್ನೊಂದಕ್ಕೆ ಸೇರಿಸುವಂತಿರಲಿಲ್ಲ, ಆಸ್ತಿ ಪಾಲಾದ ಅಣ್ಣತಮ್ಮಂದಿರಂತೆ ಅವು ಪರಸ್ಪರ ಮಾತಾಡುತ್ತಿರಲಿಲ್ಲ. ದಿನಸಿ ಕಾರ್ಡಿನಲ್ಲಿ ಒಂದು ಟಿಕೆಟ್ಟಿಗೆ ಆಗುವಷ್ಟಿತ್ತು. ಅದಕ್ಕೂ ತೆರಿಗೆ ಬೇರೆ, ಪಾಯಿಂಟು ಬಳಸಿದ್ದಕ್ಕೆ ಶುಲ್ಕ ಬೇರೆ. ನನಗೂ ಮಂಜುಳಾಗೂ ಪೂರ್ತಿ ಹಣ ಕೊಟ್ಟೆ. ಮೂರು ಕಾರ್ಡುಗಳ ವಾರ್ಷಿಕ ಶುಲ್ಕವೂ ಅದೇ ತಿಂಗಳು ಕಡಿತವಾಯಿತು. ಬಸವರಾಜನಂತೆ ಒಂದೇ ಸಾದಾ ಕಾರ್ಡನ್ನು ಉಜ್ಜಿದ್ದರೆ ಮೂವರೂ ಬಿಟ್ಟಿಯಾಗಿಯೇ ಹೋಗಿ ಬರುತ್ತಿದ್ದೆವು ಎಂಬುದನ್ನು ಲೆಕ್ಕ ಹಾಕಿ ನೋಡಿದೆ. ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ಅತ್ತೆಗೆ ಬೆಳಕು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಹೋಗುವುದೇ ಬೇಡ ಎಂದಳು ಮಂಜುಳಾ. ಅತ್ತೆ ಒಪ್ಪಲಿಲ್ಲ.

"ನಂಗ್ ಕಾಣ್ದಿದ್ರೇನಂತೆ? ಅಳಿಯಂದ್ರು ಪಕ್ಕದಾಗೇ ಇರ್ತಾರಲ್ಲ. ನೋಡಿ ಯೋಳ್ತಾರೆ."

ಕಿಟಕಿಯ ಪಕ್ಕ ಒಳ್ಳೆಯ ಸೀಟು ಆರಿಸಿಕೊಳ್ಳಲು ವಿಮಾನದವರು ಬೇರೆ ಹಣ ಕೇಳುತ್ತಿದ್ದರು. ಆ ಹಣಕ್ಕೆ ಯಾವ ಕಾರ್ಡಿನಲ್ಲೂ ಪಾಯಿಂಟು ಇರಲಿಲ್ಲ. ಬುದ್ಧಿ ಬಂದಿರಬೇಕಿತ್ತು. ಬರಲಿಲ್ಲ. ಅವರೇ ಕೊಟ್ಟ ಸೀಟಿನಲ್ಲಿ ಕೂತೆವು. ಅದೃಷ್ಟಕ್ಕೆ ಅತ್ತೆಗೆ ಕಿಟಕಿಯೇ ಸಿಕ್ಕಿತು, ನನಗೆ ಅವರ ಪಕ್ಕ, ಮಂಜುಳಾಗೆ ಎಲ್ಲೋ ಹಿಂದೆ. ಬೆಲ್ಟು ಹಾಕಿ ಕಿಟಕಿಯಾಚೆ ಬಗ್ಗಿ ನೋಡಿದೆ. ರೆಕ್ಕೆ! ಆ ತುದಿಯಿಂದ ಈ ತುದಿಯವರೆಗೆ ರೆಕ್ಕೆ. ನೆಲ ಎಂಬುದು ಒಂದಿಷ್ಟೂ ಕಾಣುತ್ತಿರಲಿಲ್ಲ.

ವಿಮಾನ ಓಡಿತು, ಎದ್ದಿತು. ಅತ್ತೆ ನನ್ನ ಕೈ ಹಿಡಿದುಕೊಂಡು ಮುಖವನ್ನು ಕಿಟಕಿಗೆ ಒತ್ತಿದರು.

"ನಮ್ಮನೆ ಬಂತಾ ಅಳಿಯಂದ್ರೇ?"

ನಾನು ರೆಕ್ಕೆಯನ್ನು ನೋಡಿದೆ. "ಬಂತು ಅತ್ತೆ" ಎಂದೆ.

"ಎಂಗೈತೆ?"

"ಚೆನ್ನಾಗಿದೆ. ಸಣ್ಣದಾಗಿ, ಬೆಂಕಿಪೊಟ್ಟಣದ ಥರ ಕಾಣ್ತಿದೆ."

"ತಾರಸಿ ಮ್ಯಾಲೆ ನನ್ ಅಸ್ರು ಸೀರೆ ಒಣಗಾಕಿದ್ದೆ. ಕಾಣ್ತದಾ?"

"ಓ, ಕಾಣ್ತಿದೆಯಲ್ಲ! ಗಾಳಿಗೆ ಪಟಪಟ ಅಂತ ಹಾರಾಡ್ತಿದೆ."

ಅತ್ತೆ ನನ್ನ ಕೈಯನ್ನು ತೆಗೆದು ತಮ್ಮ ತೊಡೆಯ ಮೇಲೆ, ಸೀರೆಯ ನೆರಿಗೆಯ ಮೇಲೆ ಇಟ್ಟುಕೊಂಡರು. ಹಸಿರು ಸೀರೆ.

"ಅದ್ನ ಉಟ್ಕಂಡೇ ಬಂದಿವ್ನಿ" ಎಂದರು.

ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಅತ್ತೆಯೇ ನನ್ನನ್ನು ಸಮಾಧಾನ ಮಾಡಿದರು.

"ಓಗ್ಲಿ ಬುಡಿ ಅಳಿಯಂದ್ರೇ. ನಿಮ್ಗೆ ದುಡ್ಡಾದ್ರೂ ಉಳೀತಲ್ಲ."

ಅದೂ ಉಳಿದಿರಲಿಲ್ಲ ಎಂದು ಹೇಳುವ ಧೈರ್ಯ ನನಗೆ ಮಂಗಳೂರು ಬರುವ ತನಕವೂ ಬರಲಿಲ್ಲ.