ಕಣಕದ ಅಕ್ಷರ

ಮಕ್ಕಳಿಗೆ ಪಾಠ ಹೇಳುವ ಹೊಸ ಉಪಾಯಗಳೆಲ್ಲ ಓದಿದವರ ತಲೆಯಲ್ಲೇ ಹುಟ್ಟುತ್ತವೆ ಎಂದು ಜನ ತಿಳಿದಿದ್ದಾರೆ. ತಿಳಿಯಲಿ. ನಾನು ಓದಿದ್ದು ಅಷ್ಟಕ್ಕಷ್ಟೇ. ಈಗಲೂ ಒತ್ತಕ್ಷರ ಎದುರಾದರೆ ಬೆರಳಿಟ್ಟುಕೊಂಡು ನಿಂತುಬಿಡುತ್ತೇನೆ. ಆದರೂ ಖಾನಾಪುರದ ಹುಡುಗಿಯರ ಶಾಲೆ ಒಮ್ಮೆ ಉಳಿದದ್ದು ನನ್ನಿಂದ.

ನನ್ನ ಮಗ ತೀರಿಕೊಂಡ ಮೇಲೆ ಸೊಸೆ ಗಂಗವ್ವ ಅಲ್ಲಿ ಕಲಿಸುತ್ತಿದ್ದಳು. ನಮ್ಮಿಬ್ಬರಿಗೂ ಆ ಕೆಲಸವೇ ಗತಿ. ಬೇಸಿಗೆ ಬಂತೆಂದರೆ ತಾಯಂದಿರು ಶಾವಿಗೆ ಹೊಸೆಯಲು ಹುಡುಗಿಯರನ್ನು ಮನೆಯಲ್ಲೇ ಕೂರಿಸಿಕೊಳ್ಳುತ್ತಿದ್ದರು. ಆ ಸಲ ಶಾಲೆಯಲ್ಲಿ ಉಳಿದವರು ಮೂವರು. ಅವರಲ್ಲಿ ಒಬ್ಬಳು ಬರುತ್ತಿದ್ದದ್ದು ನಿದ್ದೆ ಮಾಡಲಿಕ್ಕೆ. ಅಷ್ಟರಲ್ಲಿ ಬೆಳಗಾವಿಯಿಂದ ಮುಂಬೈ ಸರಕಾರದ ತಪಾಸಣೆ ಸಾಹೇಬರು ಬರುತ್ತಾರೆಂದು ಕಾಗದ ಬಂತು. ಮೂವರನ್ನೇ ಕಂಡು ಅವರು ಶಾಲೆ ಮುಚ್ಚಿಸಿದರೆ ಬೆಳಗಾವಿ ಕೋಟೆಯ ಹತ್ತಿರದ ನನ್ನ ತಮ್ಮನ ಮನೆ ಸೇರಬೇಕು. ಅವನ ಹೆಂಡತಿಯೂ ನಾನೂ ಒಂದೇ ಒಲೆಯ ಮುಂದೆ ಕೂತರೆ ಉರಿಗೆ ಸೌದೆ ಬೇಕಾಗುವುದಿಲ್ಲ.

"ಅತ್ತಿ, ಈಗ ಏನ ಮಾಡೂಣು?" ಎಂದಳು ಗಂಗವ್ವ.

"ಶ್ಯಾವಿಗಿ ಹೊಸಿಯೂದು ಸಾಲ್ಯಾಗ ನಾ ಕಲಸ್ತೀನಂತ ಹೇಳು. ಕಣಕಾನೂ ನಂದ. ನೀ ಅದರಾಗ ಅಕ್ಷರ ಮಾಡಸು."

ನನ್ನ ಶಾವಿಗೆಯ ಎಳೆ ಎಷ್ಟು ಸಣ್ಣದೆಂದು ಊರಿಗೇ ಗೊತ್ತಿತ್ತು. ಮರುದಿನ ಹದಿನೇಳು ಹುಡುಗಿಯರು ಬಂದರು. ನಾನು ಎಳೆ ಹೊಸೆಯಿಸಿದೆ, ಗಂಗವ್ವ ಬಾಗಿಸಿ ಅಕ್ಷರ ಮಾಡಿಸಿದಳು.

ಕೆಲವು ವಾರಗಳ ಮೇಲೆ ಸಾಹೇಬರು ಬಂದವರೇ ಒಬ್ಬ ಹುಡುಗಿಯ ಕೈಗೆ ಪಾಟಿ, ಬಳಪ ಕೊಟ್ಟು, "ಮನಿ ಅಂತ ಬರಿ" ಎಂದರು. ಅವಳು ಬಳಪವನ್ನು ಎರಡು ಅಂಗೈಗಳ ನಡುವೆ ಇಟ್ಟು ಹೊಸೆದಳು. ಹೊಸೆದೇ ಹೊಸೆದಳು. ಕೊನೆಗೆ, "ಇದು ನಾದಿಲ್ರೀ ಸಾಹೇಬರ, ಗಟ್ಟಿ ಐತಿ" ಎಂದು ತಿರುಗಿ ಕೊಟ್ಟಳು. ಗಂಗವ್ವನ ಮುಖ ಸುಣ್ಣದ ಗೋಡೆಯಾಯಿತು.

"ಆಕಿಗೆ ಕಣಕ ಕೊಟ್ಟು ನೋಡ್ರಿ" ಎಂದೆ ನಾನು, ಮೂಲೆಯಿಂದ.

"ನೀವ್ಯಾರು?"

"ಇಲ್ಲಿ ಕಲಸೂ ಅಕ್ಕೋರ ಅತ್ತಿರೀ. ಸಿಟ್ಟು ಬಂದಿದ್ರ ನನ್ನ ಮ್ಯಾಲ ಮಾಡ್ರಿ, ಆಕಿ ಮ್ಯಾಲ ಬ್ಯಾಡ."

ಹುಡುಗಿ ಕಣಕ ಹೊಸೆದು ಎರಡು ಅಕ್ಷರ ಇಟ್ಟಳು. ಸಾಹೇಬರು ಬಗ್ಗಿ ಓದಿದರು. "ಈಗ ಅದನ್ನ ನೋಡಿ ಪಾಟಿ ಮ್ಯಾಲ ತಗಿ" ಎಂದರು. ಕೈಗೆ ತಿರುವು ಗೊತ್ತಿತ್ತು, ಬಳಪ ಅದೇ ದಾರಿ ಹಿಡಿಯಿತು. ಸೊಟ್ಟಗಿತ್ತು ಖರೇ, ಆದರೆ ಓದಲು ಬರುತ್ತಿತ್ತು. ಸಾಹೇಬರು ನಕ್ಕು, ಶಾಲೆ ನಡೆಯಲಿ ಎಂದು ಪುಸ್ತಕದಲ್ಲಿ ಬರೆದರು. ಗಂಗವ್ವ ಗೋಡೆಗೊರಗಿ ಕುಳಿತುಬಿಟ್ಟಳು. ಎಷ್ಟೋ ದಿನಗಳ ಮೇಲೆ ನನಗೂ ಸರಿಯಾಗಿ ಉಸಿರು ಬಂತು.

ಹೊರಡುವಾಗ ಸಾಹೇಬರು, "ಅಜ್ಜಿ, ಇಂಥಾ ಉಪಾಯ ನಿಮಗ ಹೆಂಗ ಹೊಳೀತು?" ಎಂದು ಕೇಳಿದರು.

"ಹೊಳೀತ್ರೀ" ಎಂದಷ್ಟೇ ಹೇಳಿದೆ. ನನ್ನ ಮಣಿಕಟ್ಟು ನೋಯುತ್ತಿತ್ತು, ಮನೆಯ ವರ್ಷದ ಶಾವಿಗೆ ಹಾಗೇ ಉಳಿದಿತ್ತು, ಬಿಟ್ಟಿ ಕೈಗಳು ಬೇಕಿದ್ದವು ಎಂದು ಅಷ್ಟು ದೊಡ್ಡ ಮನುಷ್ಯನ ಮುಂದೆ ಹೇಗೆ ಹೇಳಲಿ? ಅದಕ್ಕೆ ತಕ್ಕದ್ದೇ ಆಯಿತು. ಆ ವರ್ಷ ನಮ್ಮ ಡಬ್ಬಿಯಲ್ಲಿ ನೆಟ್ಟಗಿನ ಎಳೆ ಒಂದೂ ಇರಲಿಲ್ಲ. ಅತ್ತೆ ಸೊಸೆ ಇಬ್ಬರೂ ವರ್ಷವಿಡೀ ಅಕ್ಷರಗಳನ್ನೇ ಬೇಯಿಸಿಕೊಂಡು ಉಂಡೆವು.