ನನ್ನವಳ ಮುಖ ಹುಡುಕಿದ್ದು

ಬನಶಂಕರಮ್ಮನಾಣೆ, ಇದ್ರಲ್ಲಿ ಒಂದಕ್ಷರ ಸುಳ್ಳಿಲ್ಲ. ನಗೋರು ನಗ್ಕೊಳ್ಳಿ, ನಡೆದೇ ಇಲ್ಲ ಅಂತ ಮಾತ್ರ ಅನ್ಬೇಡಿ. ಕತ್ರಿಗುಪ್ಪೆಲಿ ರಾಗಿ ಬೆಳೆದೋನು ನಾನು. ಈಗ ಅದೇ ನೆಲದ ಮೇಲೆ ನಂದು ಮೂರಂತಸ್ತಿನ ಬಿಲ್ಡಿಂಗು. ಓದಿದ್ದು ಮೂರನೇ ಕ್ಲಾಸು, ಅದೂ ಮೇಷ್ಟ್ರು ನನ್ನ ಕಾಟ ತಡೀಲಾರ್ದೆ ಪಾಸ್ ಮಾಡಿದ್ದು. ಆದ್ರೂ ಮೊಬೈಲ್ ವಿಷ್ಯದಲ್ಲಿ ಈ ರೋಡಲ್ಲಿ ನನ್ನ ಮೀರಿಸೋ ಗಂಡಸಿಲ್ಲ. ಪ್ರಪಂಚದಲ್ಲಿ ಯಾವನೋ ಏನೋ ಕಂಡುಹಿಡೀತಾನೆ, ಬೆಳಗಾಗೋಷ್ಟ್ರಲ್ಲಿ ಅದು ನನ್ ಮೊಬೈಲ್‌ಗೆ ಬಂದು ಕೂತಿರುತ್ತೆ. ಆಮೇಲೆ ನನ್ ಮನೇಲಿ ಏನಾದ್ರೊಂದು ರಂಪ ಆಗೇ ಆಗುತ್ತೆ.

ನನ್ ಹೆಂಡ್ತಿ ಹೋದ್ ವರ್ಷ ತೀರ್ಕೊಂಡ್ಲು. ಅವಳಿಗೂ ಕ್ಯಾಮೆರಾಗೂ ಆಗ್ತಿರ್ಲಿಲ್ಲ. ಫೋಟೋ ಅಂದ್ರೆ ಸಾಕು, ಒಲೆ ಮೇಲೆ ಹಾಲಿದೆ ಅಂತ ಓಡೋಗೋಳು. ಹಂಗಾಗಿ ಅವಳ ಮುಖ ಅಂತ ಉಳಿದಿದ್ದು ಆಧಾರ್ ಕಾರ್ಡಲ್ಲಿ ಒಂದೇ. ಅದನ್ನೇ ದೊಡ್ದು ಮಾಡ್ಸಿ, ಫ್ರೇಮ್ ಹಾಕ್ಸಿ, ಗೋಡೆಗೆ ನೇತಾಕಿದೆ. ನೋಡಿದೋರು ಅಯ್ಯೋ ಪಾಪ ಅನ್ನಲ್ಲ, ಯಾವ್ ಸ್ಟೇಷನ್ ಕೇಸು ಅಂತಾರೆ. ಬರ್ತಾ ಬರ್ತಾ ಅವಳ ನಿಜವಾದ ಮುಖ ನನ್ ತಲೇಲೂ ಮಸುಕಾಗೋಕೆ ಶುರುವಾಯ್ತು. ಯಾರಿಗೂ ಹೆದರ್ದೋನು ನಾನು, ಅದಕ್ಕೆ ಹೆದರಿದೆ.

ಮಸುಕು ತೆಗೆಯೋ ಆಪು

ಮೊದ್ಲು ಸಿಕ್ಕಿದ್ದು ಮಸುಕು ಫೋಟೋನ ಫಳಫಳ ಮಾಡೋ ಆಪು. ಯಾವ್ದೋ ದೇಶದಲ್ಲಿ ಮಣ್ಣಾಗಿ ಹೋದ ರಾಜರಾಣೀರ ಚಿತ್ರಗಳನ್ನ ಹಿಂಗೇ ಉಳಿಸಿದ್ರಂತೆ. ರಾಜರಾಣೀರೇ ವಾಪಸ್ ಬಂದ್ಮೇಲೆ ನನ್ನವಳೇನು ಹೆಚ್ಚು ಅಂತ ಆಧಾರ್ ಫೋಟೋ ಹಾಕ್ದೆ.

ಬಂತು. ಬೆಣ್ಣೆ ಬಣ್ಣ, ತುಟಿಗೆ ಕೆಂಪು, ಕಾಡಿಗೆ ಕಣ್ಣು, ಒಂದು ಸುಕ್ಕಿಲ್ಲ. ಕೆನ್ನೆ ಮೇಲಿದ್ದ ಮಚ್ಚೆನೂ ಕೊಳೆ ಅಂತ ಆಪು ಒರೆಸಾಕಿತ್ತು. ಅದೇ ಟೈಮಿಗೆ ನನ್ ನಾದಿನಿ ಸುಬ್ರಹ್ಮಣ್ಯಪುರದಿಂದ ಬಂದ್ಲು. ಅಕ್ಕನ ಫೋಟೋ ನೋಡು ಅಂತ ತೋರಿಸ್ದೆ. ಅವಳು ಕನ್ನಡಕ ಹಾಕ್ಕೊಂಡ್ಲು, ತೆಗೆದ್ಲು, ಮತ್ತೆ ಹಾಕ್ಕೊಂಡ್ಲು.

"ಭಾವ, ನಿಜ ಹೇಳಿ. ಇವಳ್ಯಾರು?"

"ನಿಮ್ಮಕ್ಕ ಕಣೇ."

"ಈ ವಯಸ್ಸಲ್ಲಿ ನಿಮ್ಗೆ ಹೆಣ್ಣು ಕೊಡೋಕೆ ಯಾರು ಒಪ್ಕೊಂಡ್ರು ಭಾವ?"

ಅಳೋ ಗಿಡ

ಆಮೇಲೆ ಒಂದು ವಿಡಿಯೋ ಬಂತು. ವಿಜ್ಞಾನಿಗಳು ಕಂಡುಹಿಡಿದಿದಾರೆ, ನೀರಿಲ್ದೆ ಒಣಗೋ ಗಿಡ ಟಿಕ್ ಟಿಕ್ ಅಂತ ಸದ್ದು ಮಾಡುತ್ತಂತೆ. ತಕ್ಷಣ ಟೆರೇಸಿಗೆ ಓಡ್ದೆ. ಯಾಕಂದ್ರೆ ಟೆರೇಸ್ ಮೇಲೆ ಪೇಂಟ್ ಡಬ್ಬದಲ್ಲಿ ಅವಳು ನೆಟ್ಟಿದ್ದ ಕರಿಬೇವಿನ ಗಿಡ ಇದೆ. ಅವಳ ಕೈ ತಾಗಿದ್ದು ಅಂತ ಜೀವಂತ ಇರೋದು ಅದೊಂದೇ.

ದಿನಾ ಬೆಳಗ್ಗೆ ಹೋಗಿ ಗಿಡಕ್ಕೆ ಕಿವಿ ಕೊಟ್ಕೊಂಡು ಕೂತ್ಕೊಳ್ತಿದ್ದೆ. ಒಂದಿನ ಮೇಲ್ಮನೆ ಬಾಡಿಗೆ ಮೇಡಂ ಬಟ್ಟೆ ಒಣಗಾಕೋಕೆ ಬಂದ್ರು.

"ಅಂಕಲ್, ಏನಾಯ್ತು, ಕಿವಿ ನೋವಾ?"

"ಶ್! ಗಿಡ ಮಾತಾಡೋದು ಕೇಳ್ತಿದೀನಿ."

"ಅದಾ! ನಾನೂ ನೋಡ್ದೆ. ಅದು ನಮ್ ಕಿವಿಗೆಲ್ಲ ಕೇಳಲ್ಲ ಅಂಕಲ್. ಅದಕ್ಕೇ ಬೇರೆ ಮಿಷನ್ ಬೇಕು."

"ನಿಮ್ ಕಿವಿಗೆ ಕೇಳಲ್ಲ. ನಾನು ಗುಡಿಸ್ಲಲ್ಲಿ ಮಲ್ಗಿ ಹೊಲದಾಚೆ ಹಂದಿ ಉಸಿರಾಡೋದು ಕೇಳಿಸ್ಕೊಂಡಿರೋನು!"

ಮೇಡಂ ಡಬ್ಬದ ಮಣ್ಣು ಮುಟ್ಟಿ ನೋಡಿದ್ರು. ಕಲ್ಲಾಗಿತ್ತು. "ನೀರು ಹಾಕಿ ಎಷ್ಟು ದಿನ ಆಯ್ತು ಅಂಕಲ್?"

"ನೀರು ಹಾಕಿದ್ರೆ ಅಳು ನಿಲ್ಸಿಬಿಡುತ್ತಲ್ಲಮ್ಮ. ಅದಕ್ಕೇ ಹಾಕಿಲ್ಲ."

ಅವತ್ತು ಎರಡು ಬಿಂದಿಗೆ ಸುರಿದ್ವಿ. ಗಿಡ ಏಳ್ಲಿಲ್ಲ. ಒಂದು ಸೊಲ್ಲೆತ್ತದೆ ಹೋಯ್ತು. ಅವಳೂ ಹಂಗೇ ಹೋಗಿದ್ದು. ನಾನು ಆಗ್ಲೂ ಪಕ್ಕದಲ್ಲೇ ಇದ್ದೆ, ಇಂಥ ಕಿವಿ ಇಟ್ಕೊಂಡು.

ತಲೆ ಎತ್ತೋ ಫೋಟೋ

ಪಿತೃಪಕ್ಷ ಬಂತು. ನಮ್ಮಲ್ಲಿ ಅಮಾವಾಸ್ಯೆ ದಿನ ಹೋದೋರಿಗೆ ಇಷ್ಟ ಆಗಿದ್ದೆಲ್ಲ ಮಾಡಿ, ಫೋಟೋ ಮುಂದೆ ಎಲೆ ಹಾಕಿ ಎಡೆ ಇಡ್ತೀವಿ. ಅವಳಿಗೆ ಅದೇ ಮೊದಲ್ನೇ ಎಡೆ. ಆ ಕೇಸಿನ ಫೋಟೋ ಮುಂದೆ ಹೆಂಗೆ ಇಡ್ಲಿ?

ಅದೇ ವಾರ ಮೊಬೈಲಲ್ಲಿ ಬಂತು ನೋಡಿ, ಹಳೇ ಫೋಟೋದಲ್ಲಿರೋರ್ಗೆ ಜೀವ ಬರ್ಸೋದು. ಕತ್ತು ತಿರುಗಿಸ್ತಾರೆ, ನಗ್ತಾರೆ. ನಾದಿನಿ ಟ್ರಂಕೆಲ್ಲ ಜಾಲಾಡಿ ಬಾಮೈದನ ಮದುವೆ ಫೋಟೋ ತಂದುಕೊಟ್ಲು. ತುದೀಲಿ ನನ್ನವಳು ನಿಂತಿದಾಳೆ. ಆದ್ರೆ ಕ್ಲಿಕ್ ಅನ್ನೋ ಹೊತ್ತಿಗೆ ಸೆರಗು ಸಿಕ್ಕಿಸ್ಕೊಳ್ತಾ ತಲೆ ಬಗ್ಸಿಬಿಟ್ಟಿದಾಳೆ. ಬೈತಲೆ ಕಾಣುತ್ತೆ, ಮುಖ ಕಾಣಲ್ಲ.

"ಇದ್ರಲ್ಲಿ ಏನ್ ಮಾಡ್ತೀರಾ ಭಾವ?" ಅಂದ್ಲು ನಾದಿನಿ.

"ನಿಂಗೆ ತಲೆ ಇಲ್ಲ. ಜೀವ ಬಂದ್ರೆ ಸೆರಗು ಸಿಕ್ಕಿಸಿ ಮುಗಿಸ್ತಾಳೆ. ಮುಗಿಸಿದ್ಮೇಲೆ ತಲೆ ಎತ್ಲೇಬೇಕಲ್ಲ?"

ದುಡ್ಡು ಕಟ್ಟಿದೆ.

ಅಮಾವಾಸ್ಯೆ ದಿನ ನಾದಿನಿ, ಬಾಮೈದ, ನೆಂಟರೆಲ್ಲ ಸೇರಿದ್ರು, ಎಡೆ ರೆಡಿ. ಮುದ್ದೆ, ಕೋಳಿ ಸಾರು, ಅವಳಿಗಿಷ್ಟ ಅಂತ ಕಜ್ಜಾಯ. ಮೇಡಂ ಮೊಬೈಲನ್ನ ಟೀವಿಗೆ ಸೇರ್ಸಿಕೊಟ್ರು. ಆಧಾರ್ ಫ್ರೇಮ್ ಪಕ್ಕಕ್ಕಿಟ್ಟು, ಟೀವಿ ಮುಂದೆನೇ ಎಲೆ ಹಾಕಿ ಕಾಯಿ ಒಡೆದೆ. "ಎಲ್ರೂ ನೋಡ್ರೋ, ನಿಮ್ ಮನೇಲಿ ಯಾರಾದ್ರೂ ಇಂಥ ಎಡೆ ಇಟ್ಟಿದ್ರಾ!" ಅಂತ ಬಟನ್ ಒತ್ತಿದೆ.

ಫೋಟೋ ಅಲ್ಲಾಡ್ತು. ಮಧ್ಯದಲ್ಲಿ ನಿಂತಿದ್ದ ನಮ್ಮತ್ತೆ ಕತ್ತು ತಿರುಗಿಸಿದ್ರು!

ಸಾಯೋವರ್ಗೂ ನನ್ ಜೊತೆ ಮಾತು ಬಿಟ್ಟಿದ್ದ ಹೆಂಗಸು ನೆಟ್ಟಗೆ ನನ್ನೇ ನೋಡಿ, ಹಲ್ಲು ಬಿಟ್ಟು ನಕ್ಕು, ಕಣ್ ಹೊಡೆದ್ರು.

ಬಾಮೈದ "ಅಮ್ಮಾ!" ಅಂತ ಟೀವಿ ಮುಂದೆ ಉದ್ದಕ್ಕೆ ಬಿದ್ದ. ಎದ್ದೋನು ಕಣ್ಣೊರೆಸ್ಕೊಂಡು, "ಭಾವ, ಅಮ್ಮಂಗೆ ಲೆಗ್ ಪೀಸ್ ಹಾಕೇ ಇಲ್ವಲ್ಲ?" ಅಂದ. ನನ್ನವಳ ಎಲೇಲಿದ್ದ ಲೆಗ್ ಪೀಸ್ ಅತ್ತೆ ಕಡೆ ಸರೀತು. ನಾದಿನಿ ಸೆರಗು ಬಾಯಿಗೆ ತುರುಕ್ಕೊಂಡು ನಗ್ತಾ ಅಳ್ತಾ, "ಬದುಕಿರೋವಾಗ ಅಮ್ಮ ನಿಮ್ ಮುಖ ನೋಡಿ ನಕ್ಕಿದ್ದೇ ಇಲ್ಲ. ಪುಣ್ಯ ಮಾಡಿದೀರಾ ಭಾವ" ಅಂದ್ಲು.

ಮುಖ ಕಾಣೋರಿಗೆ ಮಾತ್ರ ಜೀವ ಬರುತ್ತಂತೆ ಅಂಕಲ್ ಅಂತ ಮೇಡಂ ಮೆಲ್ಲಗೆ ಹೇಳಿದ್ರು. ತುದೀಲಿ ಅವಳು ಹಂಗೇ ಇದ್ಲು, ತಲೆ ಬಗ್ಸ್ಕೊಂಡು.

ಎಲ್ರೂ ಉಂಡು ಹೋದ್ಮೇಲೆ, ಏನೋ ಒಂದಾಸೆ ನೋಡಿ, ಇನ್ನೊಂದ್ಸಲ ದುಡ್ಡು ಕಟ್ಟಿ ಬಟನ್ ಒತ್ತಿದೆ. ಈ ಸಲ ಅತ್ತೆ ಕೈನೂ ಬೀಸಿದ್ರು. ನನ್ನವಳ ಸೆರಗು ಇನ್ನೂ ಸಿಕ್ಕಿಸಿ ಆಗಿರ್ಲಿಲ್ಲ.

ಎರಡು ಸಲದ್ದೂ ಸೇರಿ ನಾಲ್ಕು ಸಾವಿರದ ಒಂಬೈನೂರ ತೊಂಬತ್ತೆಂಟು ರೂಪಾಯಿ.