ಪತ್ರಾದ ಖೋಲ್ಯಾಗಿನ ಗೇಣುದ್ದದ ಅಡವಿ

ಗೇಣುದ್ದದ ಗಿಡ ಮಾಡಾಂವನ್ನ ಕಂಡ್ರ ಮಂದಿ ಬಾಯಿ ಸುಮ್ನ ಇರೂದಿಲ್ಲ, ನಂದೂ ಇರೂದಿಲ್ಲ. ಹಿಂಗಾಗಿ ದಾಳಿಂಬ ಅನ್ನೋ ಊರಾಗಿನ ನಮ್ಮ ಮನ್ಯಾಗ ವಾರಕ್ಕೊಂದು ಏನರೆ ಆಗೇ ಆಗ್ತದ. ಪುಣೆ, ಹೈದರಾಬಾದ ಕಡಿ ದೊಡ್ಡ ದೊಡ್ಡ ಮಂದಿ ಟೇಬಲ್ ಮ್ಯಾಲ ಬೆರಳುದ್ದದ ಸಿಪಾಯಿ ನಿಲ್ಲಿಸಿ ಲಡಾಯಿ ಆಟ ಆಡ್ತಾರ್ರಿ. ಆ ಮೈದಾನಕ್ಕ ಗಿಡ ಬೇಕಲ್ಲ, ಅವು ನನ್ನ ಕೈಯಾಗಿಂದ ಹೋಗ್ತಾವ. ತಾಮ್ರದ ತಂತಿ ಹೊಸೆದು ಬೊಡ್ಡಿ ಮಾಡ್ತೀನಿ, ಕಟ್ಟಗಿ ಹೊಟ್ಟಿಗೆ ಹಸರು ಬಣ್ಣ ಹಾಕಿ ಎಲಿ ಮಾಡ್ತೀನಿ. ಇದೆಲ್ಲಾ ಆಗೂದು ಅಂಗಳದ ಬಾಜೂಕ ಇರೋ, ತಗಡು ಹೊದಿಸಿದ ಪತ್ರಾದ ಖೋಲ್ಯಾಗ.

ಆ ಖೋಲಿ ಮ್ಯಾಲನ ನಮ್ಮ ಅಣ್ಣನ ಕಣ್ಣು. ಮಿರಗದ ಮಳಿ ಬೀಳೂದ್ರಾಗ ಖಾಲಿ ಮಾಡು, ಸೋಯಾಬೀನ ಬೀಜದ ಚೀಲ ಇಡಬೇಕು, ಅಂತ ಪ್ರತಿ ವರ್ಷ ಅಂತಾನ. ಈ ವರ್ಷ ಮಾತ್ರ ನಿನ್ನ ಗಿಡ ಹೊರಗ ಒಗದು ಕೀಲಿ ಹಾಕತೀನಿ ಅಂದಾ. ಹಾಕು ನೋಡೂಣು, ಅಂದೆ ನಾನೂ.

೧. ಸುಟ್ಟ ಮೋಟಾರು

ನನ್ನ ತಂತಿ ಎಲ್ಲಾ ಸುಟ್ಟ ಮೋಟಾರಿಂದು. ಉಮರ್ಗಾದಾಗ ಮೋಟಾರ ಕಟ್ಟೋ ಅಂಗಡ್ಯಾಂವ ಹಳೀ ತಂತಿ ತೂಕದ ಮ್ಯಾಲ ಕೊಡ್ತಾನ. ಹ್ವಾದ ಬ್ಯಾಸಗ್ಯಾಗ ನಮ್ಮ ಬಾವಿ ಮೋಟಾರೇ ಸುಟ್ತು. ಅಣ್ಣ ಬಾವಿ ದಂಡ್ಯಾಗ ತಲಿ ಮ್ಯಾಲ ಕೈ ಹೊತ್ತು ಕುಂತಿದ್ದ. ನಾ ಹಣಕಿ ಹಾಕಿ, ಒಳಗ ತಂತಿ ದಪ್ಪ ಅದನೋ ಸಣ್ಣ ಅದನೋ, ಅಂತ ಕೇಳಿದೆ. ಕೇಳೂ ಮುಂದ ನನ್ನ ಮಾರಿ ಮ್ಯಾಲ ನಗಿನೂ ಇತ್ತಂತ, ನನಗ ಗೊತ್ತಿಲ್ಲ.

ಊರೆಲ್ಲಾ ಸುದ್ದಿ ಆತು. ಇವನ ದೃಷ್ಟಿ ಬಿದ್ದ ಮೋಟಾರ ಸುಡ್ತದ ಅಂದ್ರು. ಅನ್ಲಿ, ನಾ ಅವರ ಹೊಲದ ಬದುವಿನ ಮ್ಯಾಲ ಹಾಯೂದು ಬಿಟ್ಟಿಲ್ಲ. ಬಾಜೂದ ಹೊಲದಾಂವ ಈಗ ಮೋಟಾರಕ್ಕ ಲಿಂಬಿಹಣ್ಣು ಮೆಣಸಿನಕಾಯಿ ಕಟ್ಯಾನ.

೨. ಆಡು ತಿಂದ ಜಾಲಿ

ಪುಣೆದ ಗಿರಾಕಿ ಫೋನ ಮಾಡಿ ಮರಾಠಿಯೊಳಗ ತಕರಾರ ಹೇಳಿದಾ. ನಿಮ್ಮ ಜಾಲಿ ಗಿಡಕ್ಕ ಕೆಳಗ ಎಲಿನೇ ಇಲ್ಲ, ಮ್ಯಾಲಷ್ಟ ಅದಾವ, ನಕಲಿ ಕಾಣ್ತದ, ಅಂದಾ. ನನಗ ಪಿತ್ತ ನೆತ್ತಿಗೇರಿತು. ನಿಲಂಗಾದಿಂದ ಉದಗೀರತನಕ ಯಾವ ಜಾಲಿಗೆ ಕೆಳಗ ಎಲಿ ಅದಾವ ತೋರಿಸ್ರಿ ಅಂದೆ. ಆಡು ಹಿಂದಿನ ಕಾಲ ಮ್ಯಾಲ ನಿಂತು, ಬಾಯಿ ಎಟುಕೂತನಕ ಎಲ್ಲಾ ಸವರಿ ಬಿಡ್ತಾವ.

"ಲಡಾಯಿ ಮೈದಾನದಾಗ ಆಡು ಎಲ್ಲಿಂದ ಬಂದ್ವು?" ಅಂತ ಕೇಳಿದಾ.

"ನಿಮ್ಮ ಸಿಪಾಯಿ ಬರೂಕಿಂತ ಮೊದಲ ಬಂದು ಮೇಯ್ದು ಹೋಗ್ಯಾವ್ರಿ," ಅಂದೆ.

ಗಿಡ ವಾಪಸ ಕಳಸ್ತಾನ ಅಂತ ತಿಳಕೊಂಡಿದ್ದೆ. ಎಂಟು ದಿನಕ್ಕ ಮತ್ತ ಫೋನ ಬಂತು. ಅಂಥಾವ ಇನ್ನೂ ಹತ್ತು ಬೇಕಂತ, ಜೋಡಿ ನಾಕು ಆಡೂ ಮಾಡಿ ಕಳಸಬೇಕಂತ.

೩. ಅಯ್ಯನವರ ತಿದ್ದುಪಡಿ

ಸೋಮವಾರ ಪೂಜಾಕ್ಕ ಬಂದ ನಮ್ಮ ಮನಿ ಅಯ್ಯನವರು ಖೋಲಿಯೊಳಗ ಹಣಕಿ ಹಾಕಿ ಅಲ್ಲೇ ನಿಂತ್ರು. ನಾ ಗಿಡದ ಬೊಡ್ಡಿಗೆ ವಿಭೂತಿ ತೀಡ್ಲಿಕತ್ತಿದ್ದೆ. ಒಣಗಿದ ತೊಗಟಿ ಬಣ್ಣ ಅದರಷ್ಟು ಛಲೋ ಯಾವ ಡಬ್ಬ್ಯಾಗೂ ಸಿಗೂದಿಲ್ಲ. ಬೈದ್ರ ಬೈಲಿ, ಬಿಡಾಂವಲ್ಲ ಅಂತ ಎದಿ ಸೆಟೆಸಿದೆ. ಅವರು ಗಿಡ ಕೈಯಾಗ ತಗೊಂಡು ತಿರುಗಿಸಿ ತಿರುಗಿಸಿ ನೋಡಿದ್ರು.

"ಒಂದ ಬೆರಳಿಂದ ಹಚ್ಚೀದಿ," ಅಂದ್ರು. "ಮೂರು ಬೆರಳಿಂದ ಹಚ್ಚಬೇಕಪಾ."

೪. ಆಲದ ಗಿಡ

ಕಾರಹುಣ್ಣಿವಿ ದಿನ ಈ ಕಡಿ ಹೆಣ್ಣುಮಕ್ಕಳು ಆಲದ ಗಿಡಕ್ಕ ದಾರ ಸುತ್ತತಾರ, ಗಂಡನ ಆಯುಷ್ಯ ಹೆಚ್ಚಾಗಲಿ ಅಂತ. ನಮ್ಮೂರ ಆಲದ ಗಿಡ ರಸ್ತಾ ಅಗಲ ಮಾಡೂ ಮುಂದ ಹ್ವಾತು. ಇನ್ನೊಂದು ಹಳ್ಳದ ಆಚಿ ಅದ. ಈ ವರ್ಷ ಅವತ್ತ ಮಿರಗದ ಮಳಿ ಹೊಡದು ಹಳ್ಳ ತುಂಬಿ ಹರೀತು. ನಮ್ಮ ವೈನಿ, ಅಂದ್ರ ಅಣ್ಣನ ಹೆಂಡತಿ, ಹಸರ ಸೀರಿ ಉಟ್ಟು, ಪೂಜಾದ ತಾಟು ಹಿಡಕೊಂಡು, ಓಣಿ ನಾಕು ಮಂದಿ ಜೋಡಿ ನನ್ನ ಖೋಲಿಗೆ ಬಂದ್ರು. ಹೈದರಾಬಾದಿಗೆ ಹೋಗಬೇಕಾದ ಆಲದ ಗಿಡ ಟೇಬಲ್ ಮ್ಯಾಲಿತ್ತು, ಸಣಬಿನ ಎಳಿ ಬಿಳಲು ಬಿಟ್ಟುಕೊಂಡು.

ಇದಕ್ಕ ಸುತ್ತಿದ್ರ ನಡೀತದೇನು ಅಂತ ಕೇಳಿದ್ರು. ಬಿಳಲು ನೋಡ್ರಿ, ಎಲಿ ನೋಡ್ರಿ, ಏನು ಕಡಿಮಿ ಅದ ಹೇಳ್ರಿ, ಅಂದೆ.

ಗಿಡ ಕಟ್ಟಗಿ ಮಣಿ ಮ್ಯಾಲ ಇಟ್ಟು ಖೋಲಿ ನಡುವ ತಂದೆ. ಐದೂ ಮಂದಿ ಒಬ್ಬರ ಸೆರಗು ಒಬ್ಬರು ತುಳೀತಾ ಏಳು ಸುತ್ತು ಹಾಕಿದ್ರು. ಕಡೀ ಸುತ್ತಿನ್ಯಾಗ ದಾರ ಜಗ್ಗಿ ಒಂದು ಟೊಂಗಿ ಲಟಕ್ಕನ ಮುರೀತು. ಯಾರ ಗಂಡಂದು ಇದು ಅಂತ ಒಬ್ಬರ ಮಾರಿ ಒಬ್ಬರು ನೋಡಿದ್ರು. ಛಲೋ ಅಂಟು ಹಚ್ಚು ಅಂತ ವೈನಿ ತಾಕೀತು ಮಾಡಿದ್ರು. ಹಚ್ಚಿದೆ.

ಮರುದಿನ ಮುಂಜಾನೆ ಅಣ್ಣ ಹೊಸ ಕೀಲಿ ತಗೊಂಡು ಬಂದಾ. ಬೀಜದ ನಾಕು ಚೀಲ ಒಳಗ ಒಟ್ಟಿದಾ. ಇನ್ನ ನಿನ್ನ ಕಸ ಹೊರಗ, ಅಂತ ಮೊದಲು ಆಲದ ಗಿಡಕ್ಕೇ ಕೈ ಹಾಕಿದಾ. ನನ್ನನ್ನ ದಾಟಿ ಹೋಗು ನೋಡೂಣು ಅಂತ ಬಾಗಲಕ್ಕ ಅಡ್ಡ ನಿಂತೆ. ಅಷ್ಟರಾಗ ನನ್ನ ಹಿಂದಿಂದ ವೈನಿ ಮೆಲ್ಲಗ ಅಂದ್ರು:

"ಒಗೀರಿ. ಅದಕ್ಕ ನಿಮ್ಮ ಆಯುಷ್ಯ ಕಟ್ಟೀನಿ."

ಅಣ್ಣ ಗಿಡ ಎರಡೂ ಕೈಲೆ ಹಿಡದು, ಇದ್ದಲ್ಲೇ ಇಟ್ಟಾ. ಸಂಜೀಕ ನಾ ಬಂದು ನೋಡಿದ್ರ, ನಾಕೂ ಚೀಲ ತಾನ ಹೊತ್ತು ಪಡಸಾಲಿಗೆ ಒಯ್ಲಿಕತ್ತಾನ. ಯಾಕೋ ಅಣ್ಣಾ ಅಂತ ಕೇಳಿದೆ.

"ಬೀಜಕ್ಕ ಇಲಿ ಬರ್ತಾವ, ಗಿಡ ಕಡದಾವು," ಅಂದಾ. ಹೊಸ ಕೀಲಿ ನನ್ನ ಕೈಯಾಗಿಟ್ಟಾ. "ನೀ ಹೊರಗ ಹೋಗೂ ಮುಂದ ನೆನಪಿಲೆ ಹಾಕಿ ಹೋಗು."